ಪ್ಯಾರಾಚೂಟ್ ಹೊಲಿಯುತ್ತಿದ್ದ ಆಯಿ

ಹೋದ ತಿಂಗಳು ಆಯಿ ತೀರಿಕೊಂಡರು. ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅರ್ಧ ತಾಸು ಅಡ್ಡಾಗುವುದು ಅವರ ರೂಢಿ. ಅಂದು ಅಡ್ಡಾದವರು ಏಳಲಿಲ್ಲ. ಎಪ್ಪತ್ತೆರಡು ವರ್ಷವಾಗಿತ್ತು. ಸುದ್ದಿ ಕೇಳಿ ನಾನು ವಿಜಯಪುರದಿಂದ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋದಾಗ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಅದರ ಕೆಳಗೆ ನಲವತ್ತು ಐವತ್ತು ಹೆಣ್ಣುಮಕ್ಕಳು ಕುಳಿತಿದ್ದರು. ಅಳುವವರು ಅಳುತ್ತಿದ್ದರು. ನಾನು ಹೋಗಿ ಕುಳಿತ ಸ್ವಲ್ಪ ಹೊತ್ತಿಗೆ, ಆಯಿಯ ಹತ್ತಿರ ಹೊಲಿಗೆ ಕಲಿತಿದ್ದ ಒಬ್ಬಳು ತಲೆ ಎತ್ತಿ ನೋಡಿ, "ಈ ಶಾಮಿಯಾನದ ಹೊಲಿಗಿ ನೋಡ್ರಿ. ಆಯಿ ಇದ್ದಿದ್ರ ಇಷ್ಟೊತ್ತಿಗೆ ಬಿಚ್ಚಿ ಒಗೀತಿದ್ಲು" ಎಂದಳು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಕೊನೆಗೆ ಅವರ ತಂಗಿಯೇ ಸೆರಗು ಬಾಯಿಗೆ ಹಿಡಿದು ನಕ್ಕರು. ಸತ್ತವರ ಮನೆಯ ಮುಂದೆ ಹಾಗೆ ನಕ್ಕದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಅವರಿಗೆ ಹೆಸರಿತ್ತು. ಆದರೆ ಇಡೀ ಊರು ಅಜ್ಜಿ ಎಂಬ ಅರ್ಥದಲ್ಲಿ ಆಯಿ ಎಂದೇ ಕರೆಯುತ್ತಿತ್ತು, ನಾನೂ ಹಾಗೆಯೇ ಕರೆದೆ. ಇಲ್ಲಿಯೂ ಹಾಗೆಯೇ ಇರಲಿ.

ನಾನು ಬಬಲೇಶ್ವರದ ಪ್ರೌಢಶಾಲೆಯಲ್ಲಿ ಒಂಬತ್ತು ವರ್ಷ ವಿಜ್ಞಾನ ಕಲಿಸಿದೆ. ದಿನಾ ವಿಜಯಪುರದಿಂದ ಬಂದು ಹೋಗುವುದು. ಬಸ್ ನಿಲ್ದಾಣದ ಎದುರು ಒಂದು ಗೊಬ್ಬರದ ಅಂಗಡಿ, ಒಂದು ಮೊಬೈಲ್ ಅಂಗಡಿ, ಅವೆರಡರ ನಡುವೆ ಎರಡು ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗದಲ್ಲಿ ಆಯಿಯ ಅಂಗಡಿ. ಒಂದು ಆಷಾಢದ ಬೆಳಿಗ್ಗೆ ಬಸ್ಸಿನಿಂದ ಇಳಿಯುತ್ತಿದ್ದಂತೆ ನನ್ನ ಛತ್ರಿ ಗಾಳಿಗೆ ತಿರುವಿ ಹೊಡೆದು ಬಟ್ಟಲಿನಂತೆ ಮೇಲಕ್ಕೆ ಬಾಯಿ ತೆರೆಯಿತು. ನಾನು ಅದರ ಜೊತೆ ಗುದ್ದಾಡುತ್ತಿರುವುದನ್ನು ಆಯಿ ಅಂಗಡಿಯಲ್ಲಿ ಕುಳಿತೇ ನೋಡಿದರು.

"ಅಕ್ಕೋರ, ಇಲ್ಲಿ ತರ್ರಿ ಅದನ್ನ."

ಕೊಟ್ಟೆ. ಸಣ್ಣ ಆಳು, ಒಣಕಲು ಮೈ, ದಪ್ಪ ಗಾಜಿನ ಕನ್ನಡಕ. ಛತ್ರಿಯ ಬಟ್ಟೆಯನ್ನು ತುಟಿಗೆ ಹಿಡಿದು ಉಫ್ ಎಂದು ಊದಿದರು. ಇನ್ನೊಂದು ಬದಿಗೆ ಅಂಗೈ ಇಟ್ಟು ಮತ್ತೊಮ್ಮೆ ಊದಿದರು.

"ಅರಿವಿ ಚಲೋ ಐತಿ. ಗಾಳಿಗೆ ಹಾದಿ ಇಲ್ಲ. ಹಾದಿ ಕೊಡದಿದ್ರ ಅದು ತಾನ ಹಾದಿ ಮಾಡ್ಕೋತೈತಿ. ಸಂಜಿಕೆ ಒಯ್ರಿ."

ಸಂಜೆ ಬಂದು ನೋಡಿದರೆ ನನ್ನ ಛತ್ರಿಯ ನೆತ್ತಿಯಲ್ಲಿ ತೂತು! ಹೊಸ ಛತ್ರಿ ಕೆಡಿಸಿದರಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ, ಆ ತೂತಿನ ಮೇಲೆ ಟೋಪಿಯ ಹಾಗೆ ಇನ್ನೊಂದು ತುಂಡು ಬಟ್ಟೆ ಸಡಿಲವಾಗಿ ಕೂತಿರುವುದು ಕಾಣಿಸಿತು. ಮಳೆ ಒಳಗೆ ಬರುವುದಿಲ್ಲ, ಗಾಳಿ ಹೊರಗೆ ಹೋಗುತ್ತದೆ. ಆ ಛತ್ರಿ ಆಮೇಲೆ ಒಮ್ಮೆಯೂ ತಿರುವಿ ಹೊಡೆಯಲಿಲ್ಲ.

"ಎಲ್ಲಿ ಕಲಿತ್ರಿ ಆಯಿ ಇದನ್ನ?"

"ಪ್ಯಾರಾಚೂಟ್ ಹೊಲೀತಿದ್ದೆ" ಎಂದರು, ಜಂಪರ್ ಹೊಲಿಯುತ್ತಿದ್ದೆ ಎಂಬ ಹಾಗೆ.

ಸುಳ್ಳಲ್ಲ. ಸಾರವಾಡದಲ್ಲಿ ಹುಟ್ಟಿದ ಆಯಿ ಹತ್ತೊಂಬತ್ತಕ್ಕೆ ಸೈನಿಕನೊಬ್ಬನನ್ನು ಮದುವೆಯಾಗಿ ಉತ್ತರದ ಕಡೆ ಹೋದವರು. ಮೂರು ವರ್ಷಕ್ಕೆ ಗಂಡ ಕೆಲಸದ ಮೇಲಿದ್ದಾಗಲೇ ಅಪಘಾತದಲ್ಲಿ ತೀರಿಕೊಂಡ. ಸರಕಾರ ಅವರಿಗೆ ಅಲ್ಲಿಯೇ, ಸೈನ್ಯಕ್ಕೆ ಪ್ಯಾರಾಚೂಟ್ ಮಾಡುವ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಕೊಟ್ಟಿತು. "ಹಿಂದ್ಯಾಗ ನನಗ ಪಾನಿ ಅನ್ನೂದೊಂದ ಗೊತ್ತಿತ್ತು. ಹದಿನೈದು ದಿನ ಯಾರ ಏನ್ ಅಂದ್ರೂ ಪಾನಿ ಅಂತಿದ್ದೆ. ಎಲ್ಲಾರೂ ನೀರು ತಂದ ಕೊಡೂದ ಕೊಡೂದು." ಹಾಗೆ ಶುರುವಾದದ್ದು ಮೂವತ್ತೇಳು ವರ್ಷ ನಡೆಯಿತು. ಅರವತ್ತಕ್ಕೆ ನಿವೃತ್ತಿಯಾಗಿ, ತಂಗಿಯ ಮನೆ ಇರುವ ಬಬಲೇಶ್ವರಕ್ಕೆ ಬಂದು ಅಂಗಡಿ ತೆರೆದರು. ಕನ್ನಡ ಕೊಂಚವೂ ಮಾಸಿರಲಿಲ್ಲ. ಎಣಿಸುವುದು ಮಾತ್ರ ಕೊನೆಯವರೆಗೂ ಹಿಂದಿಯಲ್ಲೇ.

ಕಾರ್ಖಾನೆ ಅವರನ್ನು ಬಿಟ್ಟಿರಲಿಲ್ಲ. ಸಂಜೆ ಅಂಗಡಿ ಮುಚ್ಚುವ ಮೊದಲು ಕತ್ತರಿ, ಸೂಜಿ, ಟೇಪು, ಹೊಲಿಗೆ ಬಿಚ್ಚುವ ಕೊಂಡಿ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಎಣಿಸುತ್ತಿದ್ದರು. ಒಂದು ಸೂಜಿ ಕಡಿಮೆಯಾದರೂ ಕಲಿಯಲು ಬಂದ ಹುಡುಗಿಯರು ಯಾರೂ ಮನೆಗೆ ಹೋಗುವಂತಿಲ್ಲ. ಒಮ್ಮೆ ಒಬ್ಬಳು ಗೊಣಗಿದಳು: "ಜಂಪರನ್ಯಾಗ ಸೂಜಿ ಉಳದ್ರ ಏನ್ ಆಗತೈತ್ರಿ ಆಯಿ, ಚುಚ್ಚತೈತಿ ಅಷ್ಟ."

"ಇವತ್ತ ಜಂಪರನ್ಯಾಗ ಉಳಸಾಕಿ ನಾಳೆ ಮತ್ತೊಂದ್ರಾಗ ಉಳಸ್ತಿ. ಕೈ ಒಂದ ಐತಿ, ಎರಡು ರೂಢಿ ಹೆಂಗ ಕಲೀತೈತಿ?"

ಒಂದು ಹೊಲಿಗೆ ಸೊಟ್ಟಾದರೆ ಇಡೀ ಪಟ್ಟಿ ಬಿಚ್ಚುತ್ತಿದ್ದರು. ಅದಕ್ಕೆ ಅವರ ಹತ್ತಿರ ಕೊಟ್ಟ ಬಟ್ಟೆ ಹೇಳಿದ ದಿನಕ್ಕೆ ಎಂದೂ ಬರುತ್ತಿರಲಿಲ್ಲ. ನನ್ನ ತಂಗಿಯ ಮದುವೆಗೆಂದು ಕೊಟ್ಟ ಜಂಪರ್ ಅವಳ ಸೀಮಂತಕ್ಕೆ ತೊಡಲು ಸಿಕ್ಕಿತು. ಆ ಜಂಪರ್ ಇವತ್ತಿಗೂ ಹಾಗೆಯೇ ಇದೆ, ಒಂದೆಳೆ ಬಿಟ್ಟಿಲ್ಲ. ನಾನು ಮಾತ್ರ ಅದರೊಳಗೆ ಹಿಡಿಸುವುದಿಲ್ಲ.

ಅವರನ್ನು ಶಾಲೆಗೆ ಕರೆದೊಯ್ದದ್ದು ನನಗೆ ಉತ್ತರ ತೋಚದೆ. ಒಂಬತ್ತನೆಯ ತರಗತಿಗೆ ವಸ್ತುಗಳು ಬೀಳುವ ಪಾಠ ಮಾಡುತ್ತಿದ್ದೆ. ಗಾಳಿ ಇಲ್ಲದ ಕಡೆ ಕಲ್ಲೂ ಗರಿಯೂ ಒಟ್ಟಿಗೇ ನೆಲ ಮುಟ್ಟುತ್ತವೆ ಎಂದು ಹೇಳಿದೆ. ಸಾರವಾಡದಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ತರಗತಿಯಲ್ಲಿ ಕೈ ಎತ್ತದೆ ಮಾತಾಡುವವಳು ಅವಳೊಬ್ಬಳೇ.

"ನಮ್ಮೂರಾಗ ಗಾಳಿ ಐತಿ ಅಲ್ರಿ ಟೀಚರ್. ಗಾಳಿ ಇದ್ದಲ್ಲಿದು ಹೇಳ್ರಿ."

ಹೇಳಿದೆ. ಗಾಳಿಯ ತಡೆ, ಭಾರ, ವೇಗ ಎಂದು ಬೋರ್ಡಿನ ಮೇಲೆ ಎರಡು ಬಾಣ ಬರೆದೆ. ಹುಡುಗಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಮರುದಿನ ಆಯಿಯನ್ನು ಕೇಳಿಕೊಂಡೆ. "ಸಾಲಿಗೆ ನಾ ಬಂದು ಏನ್ ಹೇಳ್ಲಿ, ನಾಕನೇತ್ತ ಪಾಸಾದಾಕಿ" ಎಂದವರು ಶನಿವಾರ ಎಲ್ಲರಿಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದರು. ಬಗಲಲ್ಲಿ ಒಂದು ಗಂಟು.

ಗಂಟಿನಲ್ಲಿ ಹತ್ತು ಹನ್ನೆರಡು ಪುಟ್ಟ ಪ್ಯಾರಾಚೂಟುಗಳು. ಹಳೆಯ ಛತ್ರಿ ಬಟ್ಟೆ, ಹಳೆಯ ಸೀರೆ, ಅಂಚಿಗೆ ದಾರ, ದಾರದ ತುದಿಗೆ ಒಂದೇ ತೂಕದ ಕಲ್ಲು. ಮೊದಲ ಮಹಡಿಯ ಪಡಸಾಲೆಯಿಂದ ಒಂದೊಂದನ್ನೇ ಬಿಡುವುದು, ಕೆಳಗೆ ನಿಂತ ಮಕ್ಕಳು ಚಪ್ಪಾಳೆ ತಟ್ಟಿ ಎಣಿಸುವುದು. ಸಣ್ಣ ಬಟ್ಟೆ ಬೇಗ ಬಂತು, ದೊಡ್ಡದು ನಿಧಾನ ಬಂತು. ತೆಳ್ಳನೆಯ ಸೀರೆಯದು ಅಷ್ಟೇ ದೊಡ್ಡದಿದ್ದರೂ ಬೇಗ ಬಂತು. ಮಕ್ಕಳು ಯಾಕೆ ಎಂದರು. ಆಯಿ ಸೀರೆಯ ತುಂಡನ್ನು ಒಬ್ಬೊಬ್ಬರ ತುಟಿಗೂ ಹಿಡಿದು ಊದಿಸಿದರು. ಉಸಿರು ಆಚೆ ಬದಿಗೆ ಬಂದದ್ದು ಅಂಗೈಗೆ ತಿಳಿಯಿತು. ಆಮೇಲೆ ಕಟ್ಟೆಯ ಮೇಲೆ ಕುಳಿತು ಹೇಳಿದರು:

"ಭಾರ ಕೆಳಗ ಜಗ್ಗತೈತಿ, ಗಾಳಿ ಮ್ಯಾಲ ದಬ್ಬತೈತಿ. ಮೊದ್ಲ ಭಾರದ್ದ ಜೋರು. ಆದ್ರ ನೀವು ಲಗೂ ಬಿದ್ದಷ್ಟೂ ಗಾಳಿಗೆ ಸಿಟ್ಟು ಬರತೈತಿ, ಅದೂ ಜೋರ ಮಾಡತೈತಿ. ಒಂದ ಗಳಿಗ್ಯಾಗ ಇಬ್ರೂ ಸಮಾ ಆಗ್ತಾರ. ಆವಾಗ ಬೀಳೂದು ನಿಂದ್ರೂದಿಲ್ಲ. ಜೋರ ಆಗೂದು ನಿಂದ್ರತೈತಿ. ಅಲ್ಲಿಂದ ನೆಲದ ತನಕಾ ಒಂದ ಸಮ ಬರತೀರಿ. ದೊಡ್ಡ ಅರಿವಿ ಇದ್ರ ಗಾಳಿಗೆ ದಬ್ಬಾಕ ಜಾಗಾ ಜಾಸ್ತಿ, ಲಗೂನ ಸಮಾ ಆಗತೈತಿ, ಸಾವಕಾಶ ಇಳೀತೀರಿ. ಅಷ್ಟ ನೋಡ್ರಿ."

ನನ್ನ ಎರಡು ಬಾಣಗಳು ಇದನ್ನೇ ಹೇಳಿದ್ದವು. ಆದರೆ ಸಾರವಾಡದ ಹುಡುಗಿ ಈಗ ತಲೆಯಾಡಿಸಿದಳು.

ಅಲ್ಲಿಗೆ ಬಿಡಬೇಕಿತ್ತು. ನಾನು ಟೀಚರಲ್ಲವೇ, ಒಂದು ಮಾತು ಸೇರಿಸಿದೆ: "ಅಂದರೆ ಬಟ್ಟೆ ಎರಡು ಪಟ್ಟು ಮಾಡಿದರೆ ಬೀಳುವ ವೇಗ ಅರ್ಧ ಆಗುತ್ತದೆ, ಮಕ್ಕಳೇ."

"ಆಗೂದಿಲ್ರಿ ಅಕ್ಕೋರ" ಎಂದರು ಆಯಿ, ಮೆಲ್ಲಗೆ. "ಅರ್ಧ ಆಗಬೇಕಂದ್ರ ಅರಿವಿ ನಾಕ್ ಪಟ್ಟು ಬೇಕು."

ನಲವತ್ತು ಮಕ್ಕಳು ನನ್ನ ಮುಖ ನೋಡಿದರು. "ಬಿಟ್ಟು ನೋಡೋಣ" ಎಂದೆ. ಬಿಟ್ಟೆವು. ಎರಡು ಪಟ್ಟು ಬಟ್ಟೆಯದು ನನ್ನ ಲೆಕ್ಕಕ್ಕಿಂತ ಬಹಳ ಮೊದಲೇ ಬಂದು ಬಿತ್ತು. ನಾಲ್ಕು ಪಟ್ಟಿನದು ಚಪ್ಪಾಳೆಗೆ ಚಪ್ಪಾಳೆ ಹೊಂದಿಸಿಕೊಂಡು ಆಯಿ ಹೇಳಿದ ಹಾಗೆಯೇ ಇಳಿಯಿತು. ಅಷ್ಟರಲ್ಲಿ ಗದ್ದಲ ಕೇಳಿ ಹೊರಗೆ ಬಂದ ಹೆಡ್ಮಾಸ್ತರರ ಬೋಳು ತಲೆಯ ಮೇಲೆ ಇನ್ನೊಂದು ಬಂದು ಕೂತಿತು. ಕಲ್ಲು ಸಣ್ಣದು, ಇಳಿದದ್ದೂ ನಿಧಾನ. ಅವರು ತಲೆ ತಡವಿಕೊಂಡು, "ಇದು ಎಷ್ಟ ಪಟ್ಟಿನದ್ರಿ?" ಎಂದು ಕೇಳಿದ್ದು ಆ ವರ್ಷವೆಲ್ಲ ಶಾಲೆಯಲ್ಲಿ ಓಡಾಡಿತು. ಮನೆಗೆ ಹೋಗಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಗಾಳಿಯ ತಡೆ ವೇಗದ ವರ್ಗದ ಹಾಗೆ ಏರುತ್ತದೆ. ಆಯಿ ಹೇಳಿದ್ದೇ ಸರಿ. ಸೋಮವಾರ ತರಗತಿಯಲ್ಲಿ ನಾನು ತಪ್ಪು ಹೇಳಿದ್ದೆ ಎಂದು ಒಪ್ಪಿಕೊಂಡೆ. ಅಂದಿನಿಂದ ಆ ಮಕ್ಕಳು ನನ್ನನ್ನು ಹೆಚ್ಚು ಪ್ರಶ್ನೆ ಕೇಳತೊಡಗಿದರು, ನಾನೂ ಅವರಿಗೆ ಹೆದರುವುದು ಬಿಟ್ಟೆ.

ಆಯಿಯ ಹತ್ತಿರ ಒಂದು ಕಥೆ ಇತ್ತು. ಹೇಳು ಎಂದರೆ ಹೇಳುತ್ತಿರಲಿಲ್ಲ, ಯಂತ್ರಕ್ಕೆ ಎಣ್ಣೆ ಬಿಡುವಾಗ ತಾನಾಗಿಯೇ ಬರುತ್ತಿತ್ತು. ಒಂದು ದಿನ ಕಾರ್ಖಾನೆಯ ಹೊಲಿಗೆ ಮನೆಗೆ ಆರಡಿಯ ಒಬ್ಬ ಸೈನಿಕ ಬಂದನಂತೆ. ಕೈಯಲ್ಲಿ ಒಂದು ಚೀಟಿ, ಚೀಟಿಯಲ್ಲಿ ಹೊಲಿದವರ ಗುರುತಿನ ಸಂಖ್ಯೆ. ಈ ಸಂಖ್ಯೆಯವರು ಯಾರು ಎಂದು ಸಾಲು ಸಾಲಾಗಿ ಕೇಳುತ್ತ ಬಂದ. ಅದು ಆಯಿಯ ಸಂಖ್ಯೆ.

"ನನ್ನ ಹೊಲಿಗಿ ಬಿಚ್ಚೇತಿ, ಯಾರೋ ಸತ್ತಾರ ಅಂತ ತಿಳದೆ ನಾನು. ಮೇಜಿನ ಕೆಳಗ ಹೊಕ್ಕು ಕುಂತ್ಬಿಟ್ಟೆ. ಬಾಜೂದಾಕಿ ಕೈ ಮಾಡಿ ತೋರಿಸಿದ್ಲು. ಅಂವಾ ಬಗ್ಗಿ ನೋಡ್ದ. ನಾ ಕಣ್ಣ ಮುಚ್ಚೇನಿ. ಏನೋ ಕೈಗೆ ಹತ್ತಿತು. ಕಣ್ಣ ತಗದ್ರ ಲಾಡು!"

ಆ ಸೈನಿಕನ ದೊಡ್ಡ ಪ್ಯಾರಾಚೂಟ್ ಬಿಚ್ಚಿಕೊಂಡಿರಲಿಲ್ಲ. ಆಪತ್ತಿಗೆಂದು ಎದೆಗೆ ಕಟ್ಟಿಕೊಂಡಿದ್ದ ಸಣ್ಣದು ಬಿಚ್ಚಿಕೊಂಡು ಜೀವ ಉಳಿಸಿತ್ತು. ಸಣ್ಣದನ್ನು ಹೊಲಿದವರು ಆಯಿ. ಅವನು ಮೇಜಿನ ಕೆಳಗೇ ಅವರ ಪಾದ ಮುಟ್ಟಿದನಂತೆ. ಇಬ್ಬರ ತಲೆಯೂ ಮೇಜಿಗೆ ಬಡಿಯಿತಂತೆ.

"ನೀವೂ ಒಮ್ಮೆ ಜಿಗಿದೀರೇನ್ರಿ ಆಯಿ?" ಎಂದು ಕೇಳಿದ್ದೆ.

"ನಾನ? ನಾ ಅದು ಬಿಚ್ಚಿದ್ದ ಸೈತ ನೋಡಿಲ್ಲ. ಮೇಜಿನ ಮ್ಯಾಲ ನೋಡೀನಿ, ನೆಲದ ಮ್ಯಾಲ ನೋಡೀನಿ. ನಾವು ಹೊಲ್ಯಾವ್ರು, ಮಡಚಾವ್ರು ಬ್ಯಾರೆ, ಜಿಗ್ಯಾವ್ರು ಬ್ಯಾರೆ. ಮೈದಾನಕ್ಕ ನಮ್ಮನ್ಯಾಕ ಕರೀತಾರ?"

ಹೇಳುವಾಗ ಬೇಸರವೇನೂ ಕಾಣಲಿಲ್ಲ. ಆದರೆ ಮರುವರ್ಷ ಸಂಕ್ರಾಂತಿಯಾದ ಮೇಲೆ ಬಸ್ ನಿಲ್ದಾಣದ ಗೋಡೆಗೆ ಒಂದು ಬಣ್ಣದ ಹಾಳೆ ಅಂಟಿತು. ಟಿಕೋಟಾದ ಆಚೆಯ ಬಯಲಿನಲ್ಲಿ ಶನಿವಾರ, ರವಿವಾರ ಜೀಪಿಗೆ ಹಗ್ಗ ಕಟ್ಟಿ ಜನರನ್ನು ಪ್ಯಾರಾಚೂಟಿನಲ್ಲಿ ಹಾರಿಸುತ್ತಾರೆ ಎಂದು. ಆ ಹಾಳೆಯ ಮುಂದೆ ಆಯಿ ಎಷ್ಟು ಹೊತ್ತು ನಿಂತರೆಂದರೆ ಗೊಬ್ಬರದ ಅಂಗಡಿಯವರು, "ಆಯಿ, ಬಸ್ ತಪ್ಪಿತೇನ್ರಿ?" ಎಂದು ಕೇಳಿದರಂತೆ. ನಾನು ಸಂಜೆ ಊರಿಗೆ ಹೊರಟಾಗ ಕರೆದರು.

"ರವಿವಾರ ಏನರ ಕೆಲಸ ಐತೇನ್ರಿ ಅಕ್ಕೋರ? ನೋಡಿ ಬರೂಣು. ಬರೇ ನೋಡೂದು."

ಹೋದೆವು. ನಾನು, ನನ್ನ ಯಜಮಾನರು, ಆಯಿ. ಆಗ ಅವರಿಗೆ ಅರವತ್ತಾರು. ಹಸಿರು ಇಳಕಲ್ ಸೀರೆ ಉಟ್ಟು, ಕೈಚೀಲದಲ್ಲಿ ರೊಟ್ಟಿ ಕಟ್ಟಿಕೊಂಡು ಬಂದಿದ್ದರು. ದ್ರಾಕ್ಷಿ ತೋಟಗಳ ನಡುವೆ ಖಾಲಿ ಬಿಟ್ಟ ಒಂದು ದೊಡ್ಡ ಹೊಲ, ಅದರ ಅಂಚಿಗೆ ನೂರಾರು ಜನ. ಸಾರವಾಡದ ಹುಡುಗಿಯೂ ತಂದೆಯ ಜೊತೆ ಬಂದು ಪಾಳಿಯಲ್ಲಿ ನಿಂತಿದ್ದಳು. ಈಗ ಹತ್ತನೆಯ ತರಗತಿ. ನಮ್ಮನ್ನು ನೋಡಿ ಕೈ ಬೀಸಿದಳು.

ನಾವು ಹೋದಾಗ ಟಿಕೋಟಾದ ಒಬ್ಬ ತರುಣ ಮೇಲಿದ್ದ. ಜೀಪು ಓಡುತ್ತಿತ್ತು, ಕೆಂಪು ಹಳದಿ ಪ್ಯಾರಾಚೂಟ್ ನೀರಿನ ಟಾಕಿಗಿಂತ ಎತ್ತರದಲ್ಲಿತ್ತು. ಆದರೆ ಅವನು ನೆಟ್ಟಗೆ ತೂಗುತ್ತಿರಲಿಲ್ಲ, ಗುಡಿಯ ಗಂಟೆಯ ನಾಲಗೆಯ ಹಾಗೆ ಆ ಕಡೆ ಈ ಕಡೆ ಹೊಯ್ದಾಡುತ್ತಿದ್ದ. ಜನ ಸಿಳ್ಳೆ ಹೊಡೆದರು. ಇಳಿಯುವಾಗ ಹೊಯ್ದಾಟದಲ್ಲೇ ಬಂದು ಮಗ್ಗುಲಾಗಿ ಬಿದ್ದ, ಎದ್ದು ಭುಜ ಹಿಡಿದುಕೊಂಡು ನಕ್ಕ. ಜನರೂ ನಕ್ಕರು. ನನ್ನ ಪಕ್ಕದಲ್ಲಿ ಆಯಿ ಇರಲಿಲ್ಲ.

ಅವರು ಆಗಲೇ ಹೊಲದ ನಡುವೆ ಹೋಗಿ, ನೆಲದ ಮೇಲೆ ಮುದುಡಿದ್ದ ಪ್ಯಾರಾಚೂಟಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದರು. ಬಟ್ಟೆಯನ್ನು ಕೈಯಿಂದ ಕೈಗೆ ಸರಿಸುತ್ತ ನೆತ್ತಿಯವರೆಗೆ ಹೋದರು. ಹಾರಿಸುವ ತಂಡದ ಮುಖ್ಯಸ್ಥ, ಟೋಪಿ ಹಾಕಿದ್ದ ಮೂವತ್ತರ ಆಳು, ಓಡಿ ಬಂದ.

"ಯಾಕಬೇ ಯವ್ವಾ, ಹಿಂದ ಸರೀ. ಹಗ್ಗಾ ಕಾಲಿಗೆ ಸುತ್ತತೈತಿ."

"ಈ ನೆತ್ತಿ ತೂತಾ ಯಾರ ಮುಚ್ಚ್ಯಾರಪಾ?"

"ಅದಾ? ಹರದಿತ್ತು. ಹೋದ ವಾರ ಟೇಲರ್ ಕಡೆ ಕೊಟ್ಟು ತ್ಯಾಪಿ ಹಚ್ಚಿಸೇವಿ."

"ಹರದಿದ್ದಲ್ಲೋ ಯಪ್ಪಾ ಅದು. ಬಿಟ್ಟಿದ್ದು!"

ಅವನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಇಬ್ಬರು ಆಳುಗಳು ಸಾರವಾಡದ ಹುಡುಗಿಯನ್ನು ಕರೆತಂದು ಪಟ್ಟಿ ಬಿಗಿಯುತ್ತಿದ್ದರು. ಮುಂದಿನ ಪಾಳಿ ಅವಳದು. ಆಯಿ ಒಂದು ಸಲ ಆ ಹುಡುಗಿಯನ್ನು ನೋಡಿದರು. ಆಮೇಲೆ ಪ್ಯಾರಾಚೂಟಿನ ನಡುಮಧ್ಯಕ್ಕೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು.

"ಇದನ್ನ ಹಾರಿಸೂದಿದ್ರ ನನ್ನನ್ನ ಎಬ್ಬಿಸಿ ಹಾರಿಸ್ರಿ."

ಪಾಳಿಯಲ್ಲಿದ್ದವರು ಕೂಗಾಡಿದರು. ಮುದುಕಿಗೆ ತಲಿ ಕೆಟ್ಟೈತಿ ಎಂದ ಒಬ್ಬ. ಟೋಪಿಯವನ ಮುಖ ಕೆಂಪಾಯಿತು. "ಯಾರ ನೀವು? ಇದರಾಗ ನಿಮಗೇನ ತಿಳೀತೈತಿ?"

"ಪ್ಯಾರಾಚೂಟ್ ಹೊಲದಾಕಿ ನಾನು. ಇಂಥಾವನ್ನ ಮೂವತ್ತೇಳು ವರ್ಷ ಹೊಲದೇನಿ."

ಅವನು ನಕ್ಕ. ನನಗೆ ಅಂದು ಎಲ್ಲಿಂದ ಧೈರ್ಯ ಬಂತೋ, ನಾನೂ ಬಟ್ಟೆಯ ಮೇಲೆ ಹೋಗಿ ನಿಂತೆ. ಖರೇ ಹೇಳುತ್ತಿದ್ದಾರೆ, ಸೈನ್ಯದ ಕಾರ್ಖಾನೆಯಲ್ಲಿದ್ದವರು ಎಂದೆ. ಆಯಿ ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಜಗಳಕ್ಕೆ ಬಂದವನನ್ನು ಊಟಕ್ಕೆ ಕೂರಿಸಿದ ಹಾಗೆ.

"ಮೊದ್ಲ ಹೋದಾಂವಾ ಹೆಂಗ ಜೋಲಿ ಹೊಡದಾ ನೋಡಿದಿಲ್ಲೋ? ಒಳಗ ತುಂಬಿದ ಗಾಳಿಗೆ ಮ್ಯಾಲ ಹಾದಿ ಇಲ್ಲ. ಒಮ್ಮೆ ಈ ಅಂಚಿನಿಂದ ಹೊರಗ ಚೆಲ್ಲತೈತಿ, ಒಮ್ಮೆ ಆ ಅಂಚಿನಿಂದ. ಅದು ಚೆಲ್ಲಿದ ಕಡೆ ಅರಿವಿ ವಾಲತೈತಿ, ಮನಷ್ಯಾ ಅತ್ತಾಗ ಹೋಕ್ಕಾನ. ನೆತ್ತ್ಯಾಗ ಹಾದಿ ಬಿಟ್ರ ಸ್ವಲ್ಪ ಗಾಳಿ ನೆಟ್ಟಗ ಮ್ಯಾಲ ಹೋಗತೈತಿ, ಕೆಳಗಿನಾಂವಾ ನೆಟ್ಟಗ ಇಳೀತಾನ. ಇವತ್ತ ಭುಜಾ ಹಿಡ್ಕೊಂಡು ಎದ್ದಾನ. ನಾಳೆ ಕುತಿಗಿ ಹಿಡ್ಕೊಂಡು ಏಳಾಕ ಬರೂದಿಲ್ಲ."

ಟೋಪಿಯವನು ಬಟ್ಟೆ ನೋಡಿದ, ಭುಜ ಹಿಡಿದುಕೊಂಡು ದೂರ ನಿಂತಿದ್ದ ತರುಣನನ್ನು ನೋಡಿದ. "ಹೋದ ವಾರದಿಂದಲೇ ಹಿಂಗ ಆಗಾಕತ್ತೈತ್ರಿ" ಎಂದ. ದನಿ ಇಳಿದಿತ್ತು. "ಗಾಳಿ ಜೋರ ಐತಿ ಅದಕ್ಕ ಅನ್ಕೊಂಡಿದ್ವಿ."

ಆಯಿ ಕೈಚೀಲದಿಂದ ಹೊಲಿಗೆ ಬಿಚ್ಚುವ ಕೊಂಡಿ ತೆಗೆದರು. ರೊಟ್ಟಿಯ ಜೊತೆ ಅದನ್ನೂ ಕಟ್ಟಿಕೊಂಡು ಬಂದಿದ್ದರು! ಒಂದೊಂದೇ ಹೊಲಿಗೆ ಬಿಚ್ಚಿ ತೇಪೆ ತೆಗೆದರು. ತೂತಿನ ಅಂಚಿನ ಪಟ್ಟಿ ಗಟ್ಟಿ ಇದೆಯೇ ಎಂದು ಬೆರಳಿಂದ ಎಳೆದು ನೋಡಿದರು. ಆಮೇಲೆ ಒಂದೊಂದು ದಾರವನ್ನೂ ಎಣಿಸಿದರು, ಏಕ್, ದೋ, ತೀನ್. ಅರ್ಧ ತಾಸು ಹಿಡಿಯಿತು. ಜನ ಬಿಸಿಲಿನಲ್ಲಿ ಕಾದರು. ಈಗ ಯಾರೂ ಕೂಗುತ್ತಿರಲಿಲ್ಲ.

"ಮೊದ್ಲ ಚೀಲ ಕಟ್ಟ್ರಿ" ಎಂದರು.

ಎರಡು ಗೋಣಿಚೀಲಕ್ಕೆ ಮಣ್ಣು ತುಂಬಿ, ಒಬ್ಬ ದೊಡ್ಡ ಆಳಿನ ಭಾರ ಮಾಡಿ ಕಟ್ಟಿದರು. ಜೀಪು ಓಡಿತು. ಕೆಂಪು ಹಳದಿ ಬಟ್ಟೆ ಉಬ್ಬಿ ಮೇಲೆದ್ದಿತು. ಚೀಲಗಳು ಅದರ ಕೆಳಗೆ ದಾರಕ್ಕೆ ಕಟ್ಟಿದ ಗುಂಡಿನ ಹಾಗೆ ನೆಟ್ಟಗೆ ನಿಂತವು. ನಾನು ಚೀಲ ನೋಡಲಿಲ್ಲ, ಆಯಿಯ ಮುಖ ನೋಡಿದೆ. ಬಾಯಿ ತೆರೆದಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಜೀಪು ನಿಂತು ಚೀಲಗಳು ನೆಲಕ್ಕೆ ಇಳಿದು ಕೂರುವವರೆಗೂ ಅವರು ಉಸಿರು ಬಿಟ್ಟಂತೆ ಕಾಣಲಿಲ್ಲ.

"ಈಗ ಹುಡುಗೀನ್ನ ಕಳಸ್ಲೇನ್ರಿ ಆಯಿ?" ಎಂದ ಟೋಪಿಯವ. ಅವನ ಬಾಯಲ್ಲೂ ಆಯಿ ಬಂದುಬಿಟ್ಟಿತ್ತು.

"ತಡಿ. ಬಿಚ್ಚಿದಾಕಿ ನಾನು. ಮೊದ್ಲ ನಾನ ಹೋಗ್ತೇನಿ."

ನಾನು ಬೇಡವೆಂದೆ. ನನ್ನ ಯಜಮಾನರು ಬೇಡವೆಂದರು. ಆಯಿ ಸೀರೆಗೆ ಕಚ್ಚೆ ಹಾಕಿ ಬಿಗಿದರು, ಕನ್ನಡಕ ಬೀಳದಂತೆ ನನ್ನ ಕರವಸ್ತ್ರ ಕಟ್ಟಿಸಿಕೊಂಡರು, ಚಪ್ಪಲಿ ಬಿಟ್ಟರು. ಪಟ್ಟಿಗಳನ್ನು ತಾವೇ ಬಿಗಿದುಕೊಂಡು ಎರಡೆರಡು ಸಲ ಜಗ್ಗಿ ನೋಡಿದರು. ಜೀಪು ಹೊರಟಿತು. ನಾಲ್ಕು ಹೆಜ್ಜೆ ಓಡಿದರೋ ಇಲ್ಲವೋ, ಐದನೆಯ ಹೆಜ್ಜೆಗೆ ನೆಲ ಇರಲಿಲ್ಲ.

ಜನ ಕೂಗಿದ ಕೂಗು ಟಿಕೋಟಾಕ್ಕೂ ಕೇಳಿರಬೇಕು. ಹಸಿರು ಸೀರೆಯ ಒಂದು ಪುಟ್ಟ ಗಂಟು ಮೇಲೆ ಮೇಲೆ ಹೋಯಿತು. ಹೊಯ್ದಾಟವಿಲ್ಲ, ಏನಿಲ್ಲ. ಬಯಲಿನ ಕೊನೆಯಲ್ಲಿ ಜೀಪು ನಿಂತಿತು. ಈಗ ಇಳಿಯಬೇಕು.

ಆಯಿ ಇಳಿಯಲಿಲ್ಲ.

ಜೀಪು ನಿಂತಿದೆ, ಹಗ್ಗ ಬಿಗಿದಿದೆ, ಆಯಿ ಗಾಳಿಪಟದ ಹಾಗೆ ಅಲ್ಲಿಯೇ ಇದ್ದಾರೆ. ಗಾಳಿ ಎದ್ದಿತ್ತು. ಟೋಪಿಯವನು ಗಾಬರಿಯಾದ. "ಚೀಲ ಬಂದ್ವು ಅಲ್ರಿ! ಇವ್ರ್ಯಾಕ ಬರವಲ್ರು?" ಆಳುಗಳು ಹಗ್ಗ ಹಿಡಿದು ಎಳೆಯತೊಡಗಿದರು. ಎಳೆದಷ್ಟೂ ಆಯಿ ಇನ್ನೂ ಮೇಲೇರಿದರು.

"ಆಯಿ ಹಗರ ಅದಾಳ್ರೀ!" ಸಾರವಾಡದ ಹುಡುಗಿ ಕಿರುಚಿದಳು. "ಚೀಲದ ಅರ್ಧಾನೂ ಇಲ್ಲಾಕಿ! ಇಷ್ಟ ಗಾಳಿನ ಸಾಕು ಆಕೀಗೆ!"

ಹೌದಲ್ಲ. ನಲವತ್ತು ಕಿಲೋ ಇರಬಹುದು ಆಯಿ. ಅಷ್ಟು ದೊಡ್ಡ ಬಟ್ಟೆಗೆ ಅದು ಏನೂ ಅಲ್ಲ. ಹಗ್ಗ ಹಿಡಿದಿಡುತ್ತಿದೆ, ಗಾಳಿ ಎದುರು ಬಡಿಯುತ್ತಿದೆ. ಜೀಪು ಓಡಿದರೂ ಒಂದೇ, ಗಾಳಿ ಬೀಸಿದರೂ ಒಂದೇ. ಹಗ್ಗ ಎಳೆದರೆ ಗಾಳಿಗೆ ಇನ್ನಷ್ಟು ಎದೆಯೊಡ್ಡಿದ ಹಾಗೆ. ನನ್ನ ಇಡೀ ನೌಕರಿಯಲ್ಲಿ ಪುಸ್ತಕದ ವಿದ್ಯೆ ಅಷ್ಟು ಚುರುಕಾಗಿ ಎಂದೂ ಕೈಗೆ ಬಂದಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಜೀಪಿನ ಕಡೆ ಓಡಿದೆ. "ಎಳೀಬ್ಯಾಡ್ರಿ! ಜೀಪ್ ಹಿಂದ ತಗೋರಿ! ಆಯಿ ಇದ್ದ ಕಡೇನ ಹಿಂದ ಬರ್ರಿ! ಹಗ್ಗ ಸಡ್ಲ ಆಗಬೇಕು!"

ಡ್ರೈವರು ಒಂದು ಕ್ಷಣ ನನ್ನನ್ನೇ ನೋಡಿದ. ಟೋಪಿಯವನು "ಅವ್ರು ಹೇಳಿದಂಗ ಮಾಡೋ!" ಎಂದು ಅರಚಿದ. ಜೀಪು ಹಿಂದಕ್ಕೆ ಬಂತು. ಹಗ್ಗ ಸಡಿಲವಾಯಿತು. ಆಯಿ ಗಾಳಿಯ ಜೊತೆ ತೇಲುತ್ತ ಹಿಂದೆ ಸರಿದರು, ಸರಿಯುತ್ತ ಸರಿಯುತ್ತ ಇಳಿದರು. ಎಷ್ಟು ನಿಧಾನ! ನಾವೆಲ್ಲ ಕತ್ತು ಮೇಲೆ ಮಾಡಿ ಅವರ ಕೆಳಗೆ ಕೆಳಗೆ ಓಡಿದೆವು. ಹುಡುಗಿ ಎಲ್ಲರಿಗಿಂತ ಮುಂದೆ. ಬಯಲು ಮುಗಿಯಿತು, ಬದು ದಾಟಿದೆವು, ಪಕ್ಕದ ಕಡಲೆ ಹೊಲ. ಆಯಿ ಹಸಿ ಕಡಲೆಯ ನಡುವೆ, ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂರುವ ಹಾಗೆ ಕುಳಿತರು. ಕೆಂಪು ಹಳದಿ ಬಟ್ಟೆ ಒಂದು ಸಲ ಉಸಿರು ಬಿಟ್ಟು ಅವರ ಮೇಲೆ ಮಡಚಿಕೊಂಡು ಬಿತ್ತು.

ಓಡಿ ಹೋದೆ. ಬಟ್ಟೆಯ ನಡುವೆ ಒಂದು ಸಣ್ಣ ಉಬ್ಬು. ಅದು ಅಲುಗುತ್ತಿತ್ತು. ಅಂಚು ಎತ್ತಿ ಒಳಗೆ ನುಗ್ಗಿದೆ. ಒಳಗೆ ಬಿಸಿಲು ಕೆಂಪಾಗಿ, ಹಳದಿಯಾಗಿ ಸೋಸಿ ಬರುತ್ತಿತ್ತು. ಆಯಿ ಕಾಲು ಚಾಚಿ ಕುಳಿತು ನಗುತ್ತಿದ್ದರು. ದನಿಯಿಲ್ಲದ ನಗೆ, ಮೈಯೆಲ್ಲ ಅಲುಗುತ್ತಿತ್ತು. ಕಣ್ಣೀರು ಗಲ್ಲಕ್ಕೆ ಇಳಿದಿತ್ತು.

"ಎಲ್ಲೆರ ಪೆಟ್ಟಾತೇನ್ರಿ ಆಯಿ? ಹೆದರಿದ್ರೇನು? ಮ್ಯಾಲಿಂದ ಏನ್ ಕಾಣಿಸ್ತು?"

"ನಾ ಕೆಳಗ ನೋಡೇ ಇಲ್ರಿ ಅಕ್ಕೋರ" ಎಂದರು, ಉಸಿರು ಹಿಡಿದುಕೊಂಡು. "ಹೊಲಿಗಿ ನೋಡ್ಕೋತ ಹೋದೆ. ಮೂವತ್ತೇಳು ವರ್ಷ ಮ್ಯಾಲಿಂದ ಬಗ್ಗಿ ನೋಡೀನಿ. ಕೆಳಗಿಂದ ನೋಡಿದ್ದು ಇವತ್ತ. ಗಾಳಿ ತುಂಬಿದ ಮ್ಯಾಲ ಒಂದೊಂದು ಹೊಲಿಗೀನೂ ಹೆಂಗ ನೆಟ್ಟಗ ನಿಂದ್ರತೈತಿ ಗೊತ್ತೇನ್ರಿ? ಯಾರೋ ಪುಣ್ಯಾತಗಿತ್ತಿ ಹೊಲದಾಳ. ಚಲೋ ಹೊಲದಾಳ."

ಹೊರಗೆ ಜನ ಬಂದು ಮುತ್ತುತ್ತಿರುವ ಸದ್ದು ಕೇಳಿಸಿತು. ಕಡಲೆ ಹೊಲದವರು ಯಾರದು ಈ ಗದ್ದಲ ಎಂದು ಬೈಯುತ್ತಿದ್ದರು. ಟೋಪಿಯವನು, "ಆಯಿ! ಆಯಿ!" ಎನ್ನುತ್ತಿದ್ದ. ಬಟ್ಟೆ ಎತ್ತಲು ನಾನು ಕೈ ಹಾಕಿದೆ. ಆಯಿ ನನ್ನ ಮುಂಗೈ ಹಿಡಿದರು.

"ತಡೀರಿ" ಎಂದರು. "ಇನ್ನೊಂದೀಟು ಹೊತ್ತು ಇರ್ಲಿ. ನೀವೂ ಕುಂದರ್ರಿ."

ಕುಳಿತೆ.